ಟೇಪ್ ಸುತ್ತಿದರೆ ಸಾಕಾ?

ಉಳುಕಿದ ಪಾದದ ಗಂಟಿಗೆ (ಆಂಕಲ್) ಆಟಗಾರರು ಅಂಟಿಸಿಕೊಳ್ಳುವ ಟೇಪ್ ಸುತ್ತಿಕೊಂಡರೆ ಕಾಲಿನ ಬ್ಯಾಲೆನ್ಸ್ ತಾನಾಗಿಯೇ ಸರಿಹೋಗುತ್ತದೆ ಎನ್ನುವ ಹಾಗೆ ಒಂದು ಲೇಖನದಲ್ಲಿ ಓದಿದೆ. ಅಷ್ಟು ಸಲೀಸಲ್ಲ. ವಾಲಿಬಾಲ್ ಆಡುವಾಗ ನನ್ನ ಬಲಗಾಲಿನ ಗಂಟು ಮೂರು ಸಲ ಉಳುಕಿದೆ. ಮೂರೂ ಸಲ ಬ್ಲಾಕ್‌ಗೆ (ನೆಟ್ ಬಳಿ ಎದುರಾಳಿಯ ಹೊಡೆತ ತಡೆಯಲು) ಹಾರಿ ಇನ್ನೊಬ್ಬರ ಪಾದದ ಮೇಲೆ ಇಳಿದಾಗಲೇ.

ಉಳುಕಿದಾಗ ಹೆಚ್ಚಾಗಿ ಪೆಟ್ಟು ಬೀಳುವುದು ಹೊರಬದಿಯ ಲಿಗಮೆಂಟ್‌ಗೆ, ಅಂದರೆ ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿಗೆ. ಪಾದ ಎಷ್ಟು ವಾಲಿದೆ ಎಂದು ಮಿದುಳಿಗೆ ತಿಳಿಸುವ ನರದ ತುದಿಗಳು ಅದರಲ್ಲೂ ಇವೆ. ನೋವು ಹೋದ ಮೇಲೂ ಕಾಲು ಕೈಕೊಡುವುದಕ್ಕೆ (ನಮ್ಮ ಕನ್ನಡವೂ ತಮಾಷೆ, ಅಲ್ವಾ!) ಆ ತುದಿಗಳಿಗೆ ಪೆಟ್ಟಾಗಿರುವುದೂ ಕಾರಣ ಎಂದು ಫ್ರೀಮನ್ ಎಂಬ ಸಂಶೋಧಕ ಮತ್ತು ಜೊತೆಗಾರರು 1965ರಲ್ಲೇ ಬರೆದಿದ್ದರು.

ಟೇಪ್ ಚರ್ಮವನ್ನು ಎಳೆಯುವುದರಿಂದ ಪಾದ ಎಷ್ಟು ವಾಲಿದೆ ಎನ್ನುವ ಸುಳಿವು ಮಿದುಳಿಗೆ ಜಾಸ್ತಿ ಸಿಗುತ್ತದೆ ಎನ್ನುವ ವಾದವಿದೆ. ಆದರೆ ಮತ್ತೆ ಮತ್ತೆ ಉಳುಕಿಸಿಕೊಂಡವರ ಮೇಲಿನ ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಟೇಪ್‌ನಿಂದಲೋ ಬ್ರೇಸ್‌ನಿಂದಲೋ (ಗಂಟಿಗೆ ಹಾಕುವ ಆಧಾರದ ಪಟ್ಟಿ) ಕೀಲು ಎಷ್ಟು ವಾಲಿದೆ ಎನ್ನುವ ಅರಿವು ಸುಧಾರಿಸಿದ್ದು ಕಾಣಲಿಲ್ಲ. ಹಾಗಂತ ಟೇಪ್ ದಂಡ ಅಲ್ಲ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದನ್ನು ಅದು ಕಡಿಮೆ ಮಾಡುತ್ತದೆ. ಧೈರ್ಯವೂ ಬರುತ್ತದೆ. ಆದರೆ ಅರ್ಧ ಗಂಟೆ ಆಡಿ ಬೆವತರೆ ಬಿಗಿ ಸಡಿಲವಾಗುತ್ತದೆ. ಕ್ರೇಪ್ ಬ್ಯಾಂಡೇಜ್ ಅಂತೂ ಬಾವು ಒತ್ತಲು ಸರಿ, ಪಾದ ಹೊರಳುವುದನ್ನು ಅದೇನೂ ತಡೆಯುವುದಿಲ್ಲ.

ನನಗೆ ಕೆಲಸಕ್ಕೆ ಬಂದಿದ್ದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ. ಹಲ್ಲುಜ್ಜುವಾಗ 30 ಸೆಕೆಂಡ್, ಆಮೇಲೆ ಬ್ರಷ್ ಬದಿಗಿಟ್ಟು ಕಣ್ಣು ಮುಚ್ಚಿಕೊಂಡು. ಮೊದಲ ವಾರ ಐದು ಎಣಿಸುವಷ್ಟರಲ್ಲಿ ಸಿಂಕ್ ಹಿಡಿದುಕೊಳ್ಳುತ್ತಿದ್ದೆ! ಈಗ ಟೇಪ್ ಏನಿದ್ದರೂ ಮ್ಯಾಚ್ ದಿನ ಮಾತ್ರ.