ದಂಡ ಕಟ್ಟಿದ ರಸೀದಿ ಇದೆ, ಕೋರ್ಟಿನ ಆದೇಶದ ನಕಲು ಎಲ್ಲಿದೆ?

ಗಾಡಿ ಮಾರುವಾಗ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ) ಮಾಡಿಸುವಾಗ, ಪರ್ಮಿಟ್ ನವೀಕರಿಸುವಾಗ ಆರ್‌ಟಿಒ ಕಂಪ್ಯೂಟರಿನಲ್ಲಿ "ಚಲನ್ ಬಾಕಿ" ಅಂತ ಬರುತ್ತದೆ. ಮಾಲೀಕರು "ಕೋರ್ಟಿನಾಗ ದಂಡ ಕಟ್ಟೇನ್ರಿ, ಎರಡು ವರ್ಷ ಆತು" ಅನ್ನುತ್ತಾರೆ. "ಹಂಗಾದ್ರ ಆರ್ಡರ್ ಕಾಪಿ ತರ್ರಿ" ಅಂತ ಉತ್ತರ. ಓಡಾಟ ಶುರುವಾಗುವುದು ಅಲ್ಲಿಂದ. ಠಾಣೆಗೆ ಹೋದರೆ ಕೋರ್ಟಿನ ಕಡೆ ಕೈ ತೋರಿಸುತ್ತಾರೆ. ಕೋರ್ಟಿನಲ್ಲಿ ಕೇಳುವ ಮೊದಲ ಪ್ರಶ್ನೆ "ಕೇಸ್ ನಂಬರ್ ಏನ್ರಿ?" ಚಲನ್ ನಂಬರ್ ಮುಂದಿಟ್ಟರೆ "ಇದು ನಮ್ಮ ನಂಬರ್ ಅಲ್ಲ" ಅನ್ನುತ್ತಾರೆ. ಆ ಮಾತು ಸುಳ್ಳಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಜನ ಸೋಲುವುದು ಇಲ್ಲೇ. ಒಂದೇ ತಪ್ಪಿಗೆ ಒಂದೊಂದು ಕಚೇರಿಯಲ್ಲಿ ಒಂದೊಂದು ನಂಬರ್ ಇರುತ್ತದೆ. ಪೊಲೀಸರ ಕೈಯಲ್ಲಿರುವ ಮಶೀನು ಕೊಡುವುದು ಚಲನ್ ನಂಬರ್. ಎಫ್‌ಐಆರ್ ಆಗಿದ್ದರೆ ಠಾಣೆಯ ಕ್ರೈಂ ನಂಬರ್ ಬೇರೆ. ಕೋರ್ಟು ಪ್ರಕರಣವನ್ನು ದಾಖಲಿಸಿಕೊಂಡ ಮೇಲೆ ಸಿ.ಸಿ. (ಕ್ರಿಮಿನಲ್ ಕೇಸ್) ನಂಬರ್ ಅಥವಾ ಪೆಟ್ಟಿ (ಸಣ್ಣ) ಕೇಸಿನ ನಂಬರ್ ಬೀಳುತ್ತದೆ. ಇವೆಲ್ಲದರ ಮೇಲೆ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಗಳ ಒಂದು ಗುರುತು. ನಮ್ಮ ರಾಜ್ಯದ್ದು ಕೆಎ ಅಂತ ಶುರುವಾಗಿ ಇಸವಿಯ ನಾಲ್ಕು ಅಂಕಿಗಳಿಂದ ಮುಗಿಯುತ್ತದೆ. ಕೋರ್ಟಿನ ಯಾವ ಕಿಟಕಿಯಲ್ಲಾದರೂ ತಕರಾರಿಲ್ಲದೆ ನಡೆಯುವುದು ಈ ಸಿಎನ್‌ಆರ್. ಅದು ಕೈಗೆ ಸಿಗುವ ತನಕ ನಕಲಿನ ಅರ್ಜಿ ಬರೆಯಬೇಡಿ, ಏಜೆಂಟರಿಗೆ ದುಡ್ಡನ್ನಂತೂ ಕೊಡಲೇಬೇಡಿ.

ನಿಮ್ಮ ಪ್ರಕರಣ ಕೋರ್ಟಿಗೆ ಹೋಗಿದೆಯೋ ಇಲ್ಲವೋ ಎನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಹೆಲ್ಮೆಟ್, ಸೀಟ್ ಬೆಲ್ಟಿನಂಥ ತಪ್ಪುಗಳನ್ನು ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಡಿ ಜಾಗದಲ್ಲೇ ದಂಡ ಕಟ್ಟಿ ಮುಗಿಸಬಹುದು. ಹಾಗೆ ಮುಗಿದಿದ್ದರೆ ಕೋರ್ಟಿನಲ್ಲಿ ಹುಡುಕಿದರೂ ಏನೂ ಸಿಗುವುದಿಲ್ಲ. ಕುಡಿದು ಗಾಡಿ ಓಡಿಸಿದ 185ನೇ ಕಲಮಿನ ಪ್ರಕರಣ ಹಾಗಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯದ ಅಂಶ ಇದ್ದರೆ ಪೊಲೀಸರು ರಸ್ತೆಯಲ್ಲಿ ದಂಡ ಹಾಕಿ ಬಿಡುವಂತಿಲ್ಲ, ಕೋರ್ಟಿಗೇ ಕಳಿಸಬೇಕು. ಚಿಕ್ಕ ವಯಸ್ಸಿನ ಹುಡುಗರ ಕೈಗೆ ಗಾಡಿ ಕೊಟ್ಟ ಪ್ರಕರಣವೂ ಅಷ್ಟೇ. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮಿನ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ ಆಗಬಹುದು. ದಂಡ ಕಟ್ಟದೆ ಬಹಳ ದಿನ ಬಿಟ್ಟ ಚಲನ್‌ಗಳೂ ಕೊನೆಗೆ ಕೋರ್ಟಿನ ದಾರಿ ಹಿಡಿಯುತ್ತವೆ. ಪರಿವಾಹನ್ ಇ-ಚಲನ್ ಪೋರ್ಟಲಿನಲ್ಲಿ ಗಾಡಿ ನಂಬರ್ ಜೊತೆ ಚಾಸಿ ಅಥವಾ ಇಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಿ ನೋಡಿದರೆ ಚಲನ್ ಎಲ್ಲಿದೆ ಎಂಬ ಸುಳಿವು ಸಿಗುತ್ತದೆ.

ಇನ್ನು ಯಾವ ಊರಿನ ಕೋರ್ಟು? ಗಾಡಿ ಎಲ್ಲಿ ನೋಂದಣಿಯಾಗಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ತಪ್ಪು ಎಲ್ಲಿ ನಡೆಯಿತು ಅನ್ನುವುದೇ ಲೆಕ್ಕ. ಕೆಎ-28 ಗಾಡಿ ನಿಪ್ಪಾಣಿ ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ ವಿಜಯಪುರದ ಕೋರ್ಟಿನಲ್ಲಿ ವರ್ಷಗಟ್ಟಲೆ ಹುಡುಕಿದರೂ ಫಲವಿಲ್ಲ. ಜಿಲ್ಲಾ ಕೇಂದ್ರವೇ ಅಂತಲೂ ತಿಳಿಯಬೇಡಿ. ಗೋಕಾಕ, ಚಿಕ್ಕೋಡಿ, ಅಥಣಿ, ಜಮಖಂಡಿ, ಮುಧೋಳ, ಬನಹಟ್ಟಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲ ಕಡೆಯೂ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟುಗಳಿವೆ. ಯಾವ ಠಾಣೆಯ ಹದ್ದಿಗೆ ಯಾವ ಕೋರ್ಟು ಎಂದು ಠಾಣೆಯಲ್ಲಿ ಕೋರ್ಟ್ ಡ್ಯೂಟಿ ಮಾಡುವ ಪೇದೆಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ವಿನಯದಿಂದ ಕೇಳಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ. ಗಡಿ ಭಾಗದವರಿಗೆ ಇನ್ನೊಂದು ಮಾತು: ಸಾಂಗ್ಲಿ, ಕೊಲ್ಹಾಪುರ, ಸೊಲ್ಲಾಪುರದಲ್ಲಿ ಬಿದ್ದ ಚಲನ್ ಮಹಾರಾಷ್ಟ್ರದ ಕೋರ್ಟಿನದು. ಪೋರ್ಟಲಿನಲ್ಲಿ ರಾಜ್ಯ ಬದಲಿಸಿ ಹುಡುಕಬೇಕು.

ಈಗ ಹುಡುಕಾಟ. ಇ-ಕೋರ್ಟ್ಸ್ ಸರ್ವೀಸಸ್ ಎಂಬ ಸರ್ಕಾರಿ ಜಾಲತಾಣವೂ ಇದೆ, ಮೊಬೈಲ್ ಆ್ಯಪ್ ಕೂಡ ಇದೆ. ಎರಡೂ ಉಚಿತ, ಲಾಗಿನ್ ಬೇಡ. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿದ ಮೇಲೆ ಹಲವು ದಾರಿ ತೆರೆದುಕೊಳ್ಳುತ್ತವೆ. ಎಫ್‌ಐಆರ್ ಆಗಿದ್ದರೆ ಠಾಣೆಯ ಹೆಸರು, ಕ್ರೈಂ ನಂಬರ್, ಇಸವಿ ಹಾಕುವುದೇ ಎಲ್ಲಕ್ಕಿಂತ ನಂಬಿಕೆಯ ದಾರಿ. ಅಪಘಾತದ ಪ್ರಕರಣಗಳಿಗೆ ಬೇರೆ ದಾರಿ ತುಳಿಯಲೇಬೇಡಿ. ಎಫ್‌ಐಆರ್ ಇಲ್ಲದ ಸಣ್ಣ ಪ್ರಕರಣವಾದರೆ ಹೆಸರಿನಿಂದ ಹುಡುಕಬೇಕಾಗುತ್ತದೆ, ತೊಡಕು ಇರುವುದೂ ಅದರಲ್ಲೇ.

ಮೊದಲನೆಯ ತೊಡಕು ಹೆಸರಿನದು. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ. ಬಿರಾದಾರ, ಹಿಪ್ಪರಗಿ, ಯಲ್ಲಪ್ಪ, ಬಸವ್ವ ಇಂಥ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬೆರಳಚ್ಚು ಮಾಡಿರುತ್ತಾರೆ. ಪೂರ್ತಿ ಹೆಸರು ಹಾಕಿದರೆ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ "ದಾಖಲೆ ಇಲ್ಲ" ಅನ್ನುತ್ತದೆ. ಕನಿಷ್ಠ ಮೂರು ಅಕ್ಷರ ಸಾಕು. ಹಾಗಾಗಿ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರವಷ್ಟೇ ಹಾಕಿ, ಬಂದ ಪಟ್ಟಿಯನ್ನು ಕಣ್ಣಾರೆ ನೋಡಿ. ಎರಡನೆಯದು ಇಸವಿ. ಅಲ್ಲಿ ಕೇಳುವುದು ಕೋರ್ಟು ದಾಖಲಿಸಿಕೊಂಡ ವರ್ಷ, ನೀವು ಸಿಕ್ಕಿಬಿದ್ದ ವರ್ಷವಲ್ಲ. ಡಿಸೆಂಬರಿನಲ್ಲಿ ಹಾಕಿದ ಕೇಸು ಮುಂದಿನ ವರ್ಷದ ಲೆಕ್ಕಕ್ಕೆ ಹೋಗಿರಬಹುದು, ಎರಡೂ ವರ್ಷ ನೋಡಿ. ಮೂರನೆಯದು, ದಂಡ ಕಟ್ಟಿ ಮುಗಿದ ಪ್ರಕರಣವನ್ನು "ಪೆಂಡಿಂಗ್" ಎನ್ನುವಲ್ಲೇ ಹುಡುಕುವುದು. "ಡಿಸ್ಪೋಸ್ಡ್" ಅಥವಾ "ಬೋತ್" ಒತ್ತಬೇಕು. ಇವೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ಮಾಲೀಕರ ಹೆಸರಿನಲ್ಲಿ ಹುಡುಕುವುದು. ಗಾಡಿ ನಿಲ್ಲಿಸಿ ಹಿಡಿದ ಪ್ರಕರಣದಲ್ಲಿ ಆರೋಪಿ ಆ ಹೊತ್ತಿಗೆ ಗಾಡಿ ಓಡಿಸುತ್ತಿದ್ದವರು. ಕಬ್ಬಿನ ಟ್ರ್ಯಾಕ್ಟರ್, ಲಾರಿ, ಟಂಟಂ ಇಟ್ಟವರು ಡ್ರೈವರ್ ಹೆಸರಿನಿಂದಲೇ ಹುಡುಕಬೇಕು. ಕ್ಯಾಮೆರಾ ಹಿಡಿದ ತಪ್ಪಾದರೆ ಮಾಲೀಕರ ಹೆಸರಿಗೆ ಬಂದಿರುತ್ತದೆ.

ವರ್ಚುವಲ್ ಕೋರ್ಟ್ಸ್ ಎನ್ನುವುದು ಬೇರೆಯೇ ಜಾಲತಾಣ. ಇ-ಚಲನ್ ಅಲ್ಲಿಗೆ ಹೋಗಿದ್ದರೆ ಗಾಡಿ ನಂಬರಿನಿಂದಲೂ ಸಿಗುತ್ತದೆ. ಅಲ್ಲಿ ದಂಡ ಕಟ್ಟುವುದು ಅಥವಾ ತಕರಾರು ಹೂಡುವುದು ಎರಡೂ ಸಾಧ್ಯ. ತಕರಾರು ಹೂಡಿದರೆ ಪ್ರಕರಣ ಮಾಮೂಲಿ ಕೋರ್ಟಿಗೆ ವರ್ಗವಾಗುತ್ತದೆ. ಆಗ ನಂಬರ್ ಹೊಸದಾಗಿ ನೋಡಿಕೊಳ್ಳಿ. ಇದೇ ಹೆಸರಿನಲ್ಲಿ ವಾಟ್ಸಾಪಿಗೆ "ನಿಮ್ಮ ಚಲನ್ ನೋಡಿ" ಅಂತ ಎಪಿಕೆ ಫೈಲ್ (ಮೊಬೈಲಿನಲ್ಲಿ ಆ್ಯಪ್ ಕೂರಿಸುವ ಫೈಲ್) ಬಂದರೆ ಮುಟ್ಟಲೇಬೇಡಿ. ಅದು ಬ್ಯಾಂಕ್ ಖಾತೆ ದೋಚುವ ಮೋಸ. ಯಾವ ಕೋರ್ಟೂ ಎಪಿಕೆ ಕಳಿಸುವುದಿಲ್ಲ.

ಸಿಎನ್‌ಆರ್ ಸಿಕ್ಕಿತು, ಆದೇಶದ ಪಿಡಿಎಫ್ ಕೂಡ ಕಂಡಿತು ಅನ್ನೋಣ. ಅದನ್ನೇ ಪ್ರಿಂಟ್ ತೆಗೆದು ಆರ್‌ಟಿಒ ಮುಂದಿಟ್ಟರೆ ಒಪ್ಪದಿದ್ದರೆ ಸಿಟ್ಟಾಗಬೇಡಿ. ಅದು ಮಾಹಿತಿಗಷ್ಟೇ, ಮೊಹರಿಲ್ಲ. ಬೇಕಾಗಿರುವುದು ದೃಢೀಕೃತ ನಕಲು, ನಮ್ಮ ಕಡೆ ಎಲ್ಲರೂ ಸರ್ಟಿಫೈಡ್ ಕಾಪಿ ಅನ್ನುವುದು. ಅದನ್ನು ಕೊಡುವುದು ಅದೇ ಕೋರ್ಟಿನ ನಕಲು ವಿಭಾಗ. ಕ್ರಿಮಿನಲ್ ಪ್ರಕರಣಗಳ ವಿಚಾರಣೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಕಲಮು ತೀರ್ಪಿನಿಂದ ಬಾಧಿತರಾದವರಿಗೆ ನಕಲು ಕೊಡಬೇಕು ಅನ್ನುತ್ತದೆ. ಇದು ನಿಮ್ಮ ಹಕ್ಕು, ಯಾರೋ ಮಾಡುವ ಉಪಕಾರವಲ್ಲ. ವಕೀಲರೇ ಅರ್ಜಿ ಹಾಕಬೇಕೆಂದಿಲ್ಲ, ಪಕ್ಷಕಾರರೇ ಹಾಕಬಹುದು.

ಅರ್ಜಿಯಲ್ಲಿ ಕೇಸ್ ನಂಬರ್, ಸಿಎನ್‌ಆರ್, ಆರೋಪಿಯ ಹೆಸರು, ಠಾಣೆ, ಆದೇಶವಾದ ತಾರೀಖು, ಬೇಕಾದ ಕಾಗದ ಯಾವುದು, ನೀವು ಪಕ್ಷಕಾರರೋ ಹೊರಗಿನವರೋ, ಇಷ್ಟಿರಬೇಕು. ನಿಗದಿತ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಬೇಕು. ನಕಲಿನ ಶುಲ್ಕ ಪುಟಗಳ ಮೇಲೆ ಹೋಗುತ್ತದೆ, ತುರ್ತು ನಕಲಿಗೆ ಹೆಚ್ಚು. "ಎಲ್ಲಾ ದಾಖಲೆ ಕೊಡಿ" ಅಂತ ಬರೆದ ಅರ್ಜಿ ಮುಂದೆ ಸರಿಯುವುದಿಲ್ಲ. "ಇಂಥ ತಾರೀಖಿನ ಆದೇಶ ಮತ್ತು ದಂಡ ಪಾವತಿಯ ನಮೂದು" ಅಂತ ಬಿಡಿಸಿ ಬರೆಯಿರಿ. ಆದೇಶದ ತಾರೀಖು ಬಿಟ್ಟರೂ ಅರ್ಜಿ ನಿಲ್ಲುತ್ತದೆ. ಕಡತ ಇನ್ನೂ ಕೋರ್ಟ್ ಹಾಲಿನಲ್ಲಿದೆಯೋ, ರೆಕಾರ್ಡ್ ರೂಮಿಗೆ ಇಳಿದಿದೆಯೋ ತಿಳಿಯುವುದು ಆ ತಾರೀಖಿನಿಂದಲೇ. ಅರ್ಜಿ ಕೊಟ್ಟ ಮೇಲೆ ಅದರ ನಂಬರ್ ಬರೆದುಕೊಳ್ಳಿ. ಹೆಚ್ಚುವರಿ ಶುಲ್ಕ ಕೇಳಿದ್ದು ಗೊತ್ತಾಗದೆ ಹೋದರೆ ಅರ್ಜಿ ಅಲ್ಲೇ ಕೊಳೆಯುತ್ತದೆ, ಆದ್ದರಿಂದ ನೋಟಿಸ್ ಬೋರ್ಡ್ ನೋಡುತ್ತಿರಿ.

ಸಣ್ಣ ಸಂಚಾರ ಪ್ರಕರಣದಲ್ಲಿ ಹತ್ತಿಪ್ಪತ್ತು ಪುಟದ ತೀರ್ಪನ್ನು ನಿರೀಕ್ಷಿಸಬೇಡಿ. ಸಂಕ್ಷಿಪ್ತ ವಿಚಾರಣೆಯಲ್ಲಿ ಇರುವುದು ಒಂದು ನಮೂದು ಮಾತ್ರ: ಕ್ರಮಾಂಕ, ತಪ್ಪು ನಡೆದ ತಾರೀಖು, ವರದಿಯ ತಾರೀಖು, ಆರೋಪಿಯ ಹೆಸರು, ತಂದೆಯ ಹೆಸರು, ವಾಸ, ಆರೋಪ, ಆರೋಪಿ ಒಪ್ಪಿದರೋ ಇಲ್ಲವೋ, ತೀರ್ಮಾನ, ಶಿಕ್ಷೆ, ಮುಗಿದ ದಿನ. ಒಂದೇ ಹಾಳೆ. ಆ ಹಾಳೆಯಲ್ಲಿ "ಒಪ್ಪಿಕೊಂಡಿದ್ದಾರೆ" ಅಂತ ಇದೆಯೋ ಇಲ್ಲವೋ ಅನ್ನುವುದನ್ನು ಗಮನವಿಟ್ಟು ಓದಿ, ಯಾಕೆಂದರೆ ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ನಕಲಿನ ಕೊನೆಯ ಪುಟದಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಇರುವ ಮೊಹರು ಬಿದ್ದಿರುತ್ತದೆ. ಮೇಲ್ಮನವಿಯ ಅವಧಿ ಎಣಿಸುವಾಗ ನಕಲು ತಯಾರಾಗಲು ಹಿಡಿದ ದಿನಗಳನ್ನು ಬಿಟ್ಟು ಎಣಿಸುವುದು ಆ ಮೊಹರಿನ ಆಧಾರದ ಮೇಲೆ. ಅದು ಇಲ್ಲದ ನಕಲು ತೆಗೆದುಕೊಂಡು ಹೊರಡಬೇಡಿ.

ಮೇಲಿನ ಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಒಂದು ವ್ಯತ್ಯಾಸ ನೆನಪಿರಲಿ. ಬೆಳಗಾವಿ, ಬಾಗಲಕೋಟೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರಿದರೆ, ಪಕ್ಕದ ವಿಜಯಪುರ ಕಲಬುರಗಿ ಪೀಠಕ್ಕೆ ಸೇರುತ್ತದೆ.

ಮಾಹಿತಿ ಹಕ್ಕಿನಡಿ ಕೋರ್ಟಿನ ಕಡತ ಕೇಳುವವರು ಬಹಳ. ಅದು ನಡೆಯುವುದಿಲ್ಲ. ಕೋರ್ಟಿನ ದಾಖಲೆಗಳ ನಕಲನ್ನು ಹೈಕೋರ್ಟಿನ ನಿಯಮಗಳ ಪ್ರಕಾರವೇ ಪಡೆಯಬೇಕು, ಮಾಹಿತಿ ಹಕ್ಕಿನ ಮೂಲಕವಲ್ಲ ಎಂದು ಗುಜರಾತ್ ಹೈಕೋರ್ಟಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಹೇಳಿದೆ. ಆದರೆ ಪೊಲೀಸರ ಬಳಿ ಅದೇ ಅಸ್ತ್ರ ಚೆನ್ನಾಗಿ ನಾಟುತ್ತದೆ. "ಇಂಥ ನಂಬರಿನ ಚಲನ್ ಅನ್ನು ಯಾವ ದಿನ, ಯಾವ ಕೋರ್ಟಿಗೆ ಕಳಿಸಲಾಗಿದೆ" ಎಂಬ ಒಂದೇ ಪ್ರಶ್ನೆ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು.

ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರು ಪರಿಹಾರಕ್ಕೆ ಎಂ.ವಿ.ಸಿ. (ಮೋಟಾರು ಅಪಘಾತ ಪರಿಹಾರದ ಕೇಸು) ಹಾಕುವಾಗ ಎಫ್‌ಐಆರ್, ಸ್ಥಳ ಪಂಚನಾಮೆ, ಐಎಂವಿ ವರದಿ (ಮೋಟಾರು ವಾಹನ ನಿರೀಕ್ಷಕರು ಗಾಡಿ ಪರೀಕ್ಷಿಸಿ ಕೊಟ್ಟದ್ದು), ದೋಷಾರೋಪ ಪಟ್ಟಿ ಇವುಗಳ ನಕಲು ಬೇಕಾಗುತ್ತದೆ. ಎಫ್‌ಐಆರ್ ಪೊಲೀಸ್ ಜಾಲತಾಣದಲ್ಲೇ ಸಿಗುತ್ತದೆ. ದೋಷಾರೋಪ ಪಟ್ಟಿ ಹಾಗೆ ಸಿಗುವುದಿಲ್ಲ. ಅದನ್ನು ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿ ಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಕ್ರಿಮಿನಲ್ ಕೋರ್ಟಿನಲ್ಲೇ, ಪರಿಹಾರಕ್ಕೆ ಬೇಕು ಎಂಬ ಕಾರಣ ಬರೆದು ನಕಲು ಅರ್ಜಿ ಹಾಕಬೇಕು. ಕ್ಲೇಮು ಹಾಕಲು ಅಪಘಾತವಾದ ದಿನದಿಂದ 6 ತಿಂಗಳು ಎಂಬ ಮಿತಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದುಃಖದ ಮನೆಯಲ್ಲಿ ಆರು ತಿಂಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಕಳೆದುಹೋಗುತ್ತದೆ, ನಕಲಿನ ಕೆಲಸ ಮೊದಲ ತಿಂಗಳಲ್ಲೇ ಶುರುಮಾಡಿ. ದುಡ್ಡಿನ ತೊಂದರೆ ಇದ್ದವರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100.

ನಕಲು ಕೈಗೆ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಕೋರ್ಟಿನಲ್ಲಿ ಮುಗಿದ ಪ್ರಕರಣ ಚಲನ್ ಪೋರ್ಟಲಿನಲ್ಲಿ ತಾನಾಗಿಯೇ ಮುಗಿದಂತೆ ಕಾಣಬೇಕಿತ್ತು. ಎಷ್ಟೋ ಸಲ ಕಾಣುವುದಿಲ್ಲ. ಎರಡು ಕಂಪ್ಯೂಟರುಗಳ ನಡುವೆ ಜನ ಕಾಗದ ಹೊತ್ತು ಅಡ್ಡಾಡುವುದು ನ್ಯಾಯವಲ್ಲ, ದಂಡ ಹಾಕಿದವರೇ ಅದನ್ನು ಸರಿಪಡಿಸಬೇಕು. ಅಲ್ಲಿಯ ತನಕ ಮಾಡಬೇಕಾದ್ದು ಇಷ್ಟು: ಚಲನ್ ಹಾಕಿದ ಠಾಣೆಗೆ ಒಂದು, ಆರ್‌ಟಿಒಗೆ ಒಂದು ಮನವಿ ಬರೆಯಿರಿ. ನಕಲಿನ ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿ ಯಾರ ಕೈಗೂ ಬಿಟ್ಟು ಬರಬೇಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ. ಹದಿನೈದು ದಿನ ಬಿಟ್ಟು ಗಾಡಿ ನಂಬರ್ ಹಾಕಿ ಮತ್ತೆ ನೋಡಿ. ಇನ್ನೂ ಬಾಕಿ ಅಂತಲೇ ಬಂದರೆ ಆ ಸೀಲಿನ ಪ್ರತಿ ಹಿಡಿದುಕೊಂಡೇ ಮೇಲಧಿಕಾರಿಯ ಹತ್ತಿರ ಹೋಗಿ.