ಮಂದಾರ ಕೇಳಿದರೆ ಯಾವ ಹೂ ಕೊಡ್ತೀರಾ?

ಕುವೆಂಪುನಗರದ ನಮ್ಮ ಪಕ್ಕದ ಮನೆಗೆ ನೆಲ್ಲೂರಿನ ಕಡೆಯ ಸಂಸಾರ ಬಾಡಿಗೆಗೆ ಬಂದಿದೆ. ಮೊನ್ನೆ ಆ ಹುಡುಗಿ, "ಅಕ್ಕಾ, ಮಂದಾರ ಹೂ ಇದ್ರೆ ಕೊಡಿ, ತಲೆಗೆ ಎಣ್ಣೆ ಕಾಯಿಸ್ಬೇಕು" ಅಂದಳು. ನಮ್ಮ ಬಿಳಿ ಮಂದಾರದ ಹೂ ಬಿಡಿಸಿ ಬುಟ್ಟಿ ತುಂಬ ಕೊಟ್ಟೆ. ಬುಟ್ಟಿ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕಾಂಪೌಂಡ್ ಪಕ್ಕದ ಕೆಂಪು ದಾಸವಾಳದ ಕಡೆ ಕೈ ತೋರಿಸಿದಳು.

ತೆಲುಗಿನ ಮಂದಾರ ಅಂದರೆ ನಮ್ಮ ದಾಸವಾಳ! ನಮ್ಮ ಮಂದಾರವೇ ಬೇರೆ, ಒಂಟೆ ಹೆಜ್ಜೆಯ ಹಾಗೆ ಸೀಳಿದ ಎಲೆಯ ಬೌಹಿನಿಯಾ.

ಇಂಥ ಕಡೆ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರು ಕೈ ಹಿಡಿಯುತ್ತೆ. ದಾಸವಾಳವನ್ನು ಹಿಬಿಸ್ಕಸ್ ರೋಸಾ-ಸೈನೆನ್ಸಿಸ್ ಅಂದರೆ ನೆಲ್ಲೂರಿನಲ್ಲೂ ಅದೇ, ಮಂಡ್ಯದಲ್ಲೂ ಅದೇ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇಟ್ಟ ಹೆಸರು. ಅರ್ಥ ಕೇಳಿದರೆ ಮಾತ್ರ ನಗು ಬರುತ್ತೆ, 'ಚೀನಾದ ಗುಲಾಬಿ' ಅಂತೆ. ಗುಲಾಬಿಗೂ ಇದಕ್ಕೂ ಯಾವ ನಂಟೂ ಇಲ್ಲ. ಜೊತೆಗೆ ಈ ಹೆಸರುಗಳು ಒಂದೇ ಕಡೆ ನಿಲ್ಲೋದೂ ಇಲ್ಲ. ಸಂಪಿಗೆಯನ್ನು ನಾವು ಕಾಲೇಜಿನಲ್ಲಿ ಮೈಕೇಲಿಯಾ ಚಂಪಕಾ ಅಂತ ಓದಿದ್ದೆವು, ಈಗ ಅದು ಮ್ಯಾಗ್ನೋಲಿಯಾ. ಸುಗಂಧರಾಜ ಪೋಲಿಯಾಂಥಸ್ ಆಗಿತ್ತು, ಈಗ ಕತ್ತಾಳೆ ಕುಲಕ್ಕೆ ಸೇರಿ ಅಗೇವ್ ಅಮಿಕಾ ಆಗಿದೆ. ದೇವರಾಜ ಮಾರ್ಕೆಟ್ಟಿನಲ್ಲಿ "ಒಂದು ಮಾರು ಅಗೇವ್ ಕೊಡಮ್ಮ" ಅಂದು ನೋಡಿ, ಏನು ಬೈಸಿಕೊಳ್ತೀರೋ!

ಆದರೂ ಒಂದು ಕಡೆ ನಾನು ಲ್ಯಾಟಿನ್ ಹೆಸರೇ ಬೇಕು ಅಂತ ಹಟ ಹಿಡಿಯುತ್ತೇನೆ. ವಾಟ್ಸಾಪಿನಲ್ಲಿ ಬರುವ ಮನೆಮದ್ದುಗಳಲ್ಲಿ. ನಮ್ಮ ಸಂಬಂಧಿಕರ ಗ್ರೂಪಿಗೆ "ಶುಗರ್ ಇರೋರು ಕಣಗಿಲೆ ಎಲೆ ಕಷಾಯ ಕುಡೀರಿ" ಅಂತ ಒಂದು ಬಂತು. ಯಾವ ಕಣಗಿಲೆ ಸ್ವಾಮಿ? ಬರೆದವರ ಮನಸ್ಸಿನಲ್ಲಿ ಇದ್ದದ್ದು ಕಾಶಿ ಕಣಗಿಲೆ, ಅಂದರೆ ನಿತ್ಯಪುಷ್ಪ, ಕ್ಯಾಥರಾಂಥಸ್ ರೋಸಿಯಸ್ ಇರಬೇಕು. (ಹೆಸರಿಗೆ ಕಾಶಿ, ತವರು ಮಡಗಾಸ್ಕರ್.) ಆದರೆ ಬರೀ ಕಣಗಿಲೆ ಅಂದರೆ ನಮ್ಮ ಕಡೆ ಕೈ ಹೋಗೋದು ದೇವರಿಗೆ ಏರಿಸುವ ನೀರಿಯಂ ಒಲಿಯಾಂಡರ್‌ಗೆ. ಅದರ ಎಲೆ, ಕಾಂಡ, ಹೂ ಎಲ್ಲವೂ ವಿಷ. ನೇರ ಹೃದಯದ ಬಡಿತಕ್ಕೇ ಹೊಡೆಯುತ್ತೆ. ಹಳದಿ ಕಣಗಿಲೆಯೂ ಹಾಗೇ. ಕಾಶಿ ಕಣಗಿಲೆಯೇನೂ ಸಾಧುವಲ್ಲ. ಅದರಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಕ್ಯಾನ್ಸರ್ ಔಷಧ, ಮನೆಯಲ್ಲಿ ಕುದಿಸಿ ಕುಡಿಯುವ ವಸ್ತು ಅಲ್ಲ. ಗ್ರೂಪಿನಲ್ಲಿ ಇಷ್ಟು ಬರೆದಿದ್ದಕ್ಕೆ ನಮ್ಮ ಚಿಕ್ಕಪ್ಪ ಎರಡು ದಿನ ಮಾತು ಬಿಟ್ಟಿದ್ದರು. ಬಿಡಲಿ.

ಇನ್ನು ಪಾರ್ಕುಗಳ ಬೋರ್ಡು. ಕೆಲವು ಕಡೆ ಬರೀ ಲ್ಯಾಟಿನ್. ಇನ್ನು ಕೆಲವು ಕಡೆ ನಿಘಂಟಿನಿಂದ ಎತ್ತಿ ತಂದ ಹೆಸರು, ಯಾವ ಮಾಲಿಯೂ ಹೇಳದ್ದು. ಹೂ ಕಟ್ಟುವವರು ಏನಂತಾರೋ ಅದನ್ನು ಮೊದಲು ಬರೆಯಿರಿ, ಕೆಳಗೆ ಲ್ಯಾಟಿನ್ ಇರಲಿ. ನಮಗೆ ಕನಕಾಂಬರ, ಕರಾವಳಿಯವರಿಗೆ ಅಬ್ಬಲಿಗೆ. ಎರಡೂ ಇದ್ದರೆ ಬೋರ್ಡೇನೂ ಬಿದ್ದು ಹೋಗಲ್ಲ ಅಲ್ವಾ?

ನಿನ್ನೆ ನೆಲ್ಲೂರಿನ ಹುಡುಗಿ ಮತ್ತೆ ಬಂದಳು. ಈ ಸಲ "ನೂರು ವರಹಾಲು" ಗಿಡದ ಕಡ್ಡಿ ಬೇಕಂತೆ. ವರಹ ಅಂದರೆ ಹಳೇ ಕಾಲದ ಚಿನ್ನದ ನಾಣ್ಯ, ನಾನೆಲ್ಲಿಂದ ತರಲಿ! ಸುಮ್ನೆ ಫೋಟೋ ತೋರಿಸು ಅಂದೆ. ಇಕ್ಸೋರಾ, ನಮ್ಮ ಗುಡ್ಡೆದಾಸವಾಳ. ಹೆಸರಲ್ಲಿ ದಾಸವಾಳ ಇದೆ, ನೆಂಟಸ್ತನ ಮಾತ್ರ ಕಾಫಿ ಗಿಡದ ಜೊತೆ.