ವರದಿ ಬರುವ ತನಕ ಏನು ಹೇಳುವುದು?

ಆರೋಗ್ಯ ಇಲಾಖೆಯ ಮಾಧ್ಯಮದ ಕೆಲಸ ಅಂದರೆ ಮಂಗಳೂರಿನಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜಾಥಾ, ಬ್ಯಾನರ್, ದೀಪ ಬೆಳಗಿಸುವ ಫೋಟೊ. ಮರುದಿನದ ಪೇಪರ್ ಕಟಿಂಗ್ ಫೈಲಿಗೆ ಸೇರುತ್ತದೆ. ಎಷ್ಟು ಕಟಿಂಗ್ ಬಂತು ಅನ್ನುವುದೇ ನಮ್ಮ ಕೆಲಸದ ಲೆಕ್ಕ. ಇದೇ ಕೆಲಸದಲ್ಲಿ ಇದ್ದುಕೊಂಡು ಹೇಳುತ್ತೇನೆ, ಆ ಫೈಲ್ ನಾಳೆ ಕಳೆದುಹೋದರೂ ಊರಿಗೇನೂ ನಷ್ಟ ಇಲ್ಲ. ನಾವು ಊರಿಗೆ ನಿಜವಾಗಿ ಬೇಕಾಗುವುದು ದೊಡ್ಡ ಕಾಯಿಲೆಯ ಶಂಕೆ ಇರುವವರ ಸ್ಯಾಂಪಲ್ ಲ್ಯಾಬಿಗೆ ಹೋಗಿ ವರದಿ ಬರುವವರೆಗಿನ ಆ ಒಂದೆರಡು ದಿನಗಳಲ್ಲಿ.

2018ರ ಮೇ ತಿಂಗಳು ನೆನಪಿದೆ ಅಲ್ವಾ? ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ವೈರಸ್ ಜ್ವರ. ಅದನ್ನು ಮೊದಲು ಪತ್ತೆ ಮಾಡಿದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ, ಖಚಿತ ಮಾಡಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ). ಕಾಯಿಲೆ ಅಲ್ಲಿ, ಹೆದರಿಕೆ ಇಲ್ಲಿ. ತಲಪಾಡಿ ದಾಟಿದರೆ ಕೇರಳ ಅಲ್ವಾ, ಹೆದರದೆ ಇರುವುದಾದರೂ ಹೇಗೆ? 2021ರ ಸೆಪ್ಟೆಂಬರಿನಲ್ಲಿ ಮಂಗಳೂರಿನಿಂದಲೇ ಒಬ್ಬರ ಸ್ಯಾಂಪಲ್ ನಿಫಾ ಶಂಕೆಯಲ್ಲಿ ಪುಣೆಗೆ ಹೋಯಿತು. ನೆಗೆಟಿವ್ ಬಂತು.

ಇಂಥ ಹೊತ್ತಿನಲ್ಲಿ ರಾತ್ರಿ ವರದಿಗಾರರ ಫೋನ್ ಬರುತ್ತದೆ. "ಮೇಡಂ, ಬಂತಂತೆ ಹೌದಾ? ಪೇಜ್ ಬಿಡ್ಲಿಕ್ಕೆ ಉಂಟು, ಬೇಗ ಹೇಳಿ ಮಾರಾಯ್ರೆ." ಅವರನ್ನು ಬೈದು ಪ್ರಯೋಜನ ಇಲ್ಲ, ಅವರ ಕೆಲಸವೇ ಅದು. ಇತ್ತ ಕಚೇರಿಗಳಲ್ಲಿ ಸಿಗುವ ಉತ್ತರ ಒಂದೇ: ಮೇಲಿನಿಂದ ಹೇಳುವ ತನಕ ನಾವು ಏನೂ ಹೇಳುವುದು ಬೇಡ. ನಾವು ಸುಮ್ಮನಿದ್ದರೆ ಊರು ಸುಮ್ಮನಿರುತ್ತದಾ? ಅಷ್ಟರಲ್ಲಿ ತುಳುವಿನಲ್ಲೊಂದು, ಬ್ಯಾರಿಯಲ್ಲೊಂದು ವಾಯ್ಸ್ ಮೆಸೇಜ್ ಹೊರಟಿರುತ್ತದೆ. "ನನ್ನ ಭಾವ ಅದೇ ಆಸ್ಪತ್ರೆಯಲ್ಲಿ ಇರುವುದು, ಅವರೇ ಹೇಳಿದ್ದು." ಈ ಭಾವ ಯಾರೆಂದು ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ! ಮರುದಿನ ನಾವು ಕನ್ನಡದಲ್ಲಿ ಕೊಡುವ ಸ್ಪಷ್ಟನೆ ಆ ಮೆಸೇಜ್ ಕೇಳಿದವರಿಗೆ ಮುಟ್ಟುವುದೇ ಇಲ್ಲ.

ಹಾಗಾದರೆ ಏನು ಹೇಳಬೇಕು? "ಒಬ್ಬರಿಗೆ ಜ್ವರ ಇದೆ. ಸ್ಯಾಂಪಲ್ ಕಳಿಸಿದ್ದೇವೆ. ವರದಿ ಬಂದಿಲ್ಲ. ನಾಳೆ ಸಂಜೆ ಐದು ಗಂಟೆಗೆ ಮತ್ತೆ ಮಾತಾಡುತ್ತೇವೆ." ಇಷ್ಟು ಸಾಕು. ಐದಕ್ಕೆ ವರದಿ ಬಂದಿರದಿದ್ದರೆ ಬಂದಿಲ್ಲ ಅಂತಲೇ ಹೇಳಬೇಕು. ನನಗೆ ಈ ಐದು ಗಂಟೆ ಬಹಳ ಮುಖ್ಯ. ಮುಂದಿನ ಮಾತು ಯಾವಾಗ ಅಂತ ಗೊತ್ತಿದ್ದರೆ ವರದಿಗಾರರೂ ಕಾಯುತ್ತಾರೆ, ಜನರೂ ಕಾಯುತ್ತಾರೆ. ಹೆಸರು, ಮನೆ, ಧರ್ಮ ಮಾತ್ರ ಹೇಳಲೇಬಾರದು. "ಏರಿಯಾ ಮಾತ್ರ ಹೇಳಿ" ಅನ್ನುವವರು ಇರುತ್ತಾರೆ. ಸಣ್ಣ ಊರಲ್ಲಿ ಏರಿಯಾ ಹೇಳಿದರೆ ಮನೆ ತೋರಿಸಿದ ಹಾಗೆಯೇ.

ಇನ್ನೊಂದು ಸಂಕಟ ಇದೆ. ನಿಫಾಕ್ಕೆ ಇಷ್ಟು ಫೋನ್ ಬರುತ್ತದೆ, ಮಲೇರಿಯಾಕ್ಕೆ ಒಂದೂ ಇಲ್ಲ. ವರ್ಷಗಟ್ಟಲೆ ಮಂಗಳೂರನ್ನು ಕಾಡಿದ್ದು ಯಾವುದು? ಸೊಳ್ಳೆ ಹುಟ್ಟುವುದು ಕಟ್ಟುತ್ತಿರುವ ಬಿಲ್ಡಿಂಗಿನಲ್ಲಿ ನಿಂತ ನೀರಿನಲ್ಲಿ, ಮುಚ್ಚಳ ಇಲ್ಲದ ಟ್ಯಾಂಕಿನಲ್ಲಿ. ಬೈಗುಳ ತಿನ್ನುವುದು ಅಲ್ಲಿ ದುಡಿಯುವ ಉತ್ತರ ಭಾರತದ ಹುಡುಗರು. "ಹೊರಗಿನವರು ತಂದದ್ದು" ಅಂದುಬಿಟ್ಟರೆ ಆಯಿತು, ಟ್ಯಾಂಕ್ ಮುಚ್ಚಿಸಬೇಕಾದ ಮಾಲೀಕರ ಸುದ್ದಿಯೇ ಇಲ್ಲ. ಅದೇ ಸೈಟಿನಲ್ಲಿ ಎಚ್ಚರಿಕೆಯ ಬೋರ್ಡು ಕನ್ನಡದಲ್ಲಿ ಮಾತ್ರ ಇರುವುದನ್ನು ನೋಡಿದ್ದೇನೆ. ಯಾರಿಗೆ ಹಾಕಿದ್ದು ಅದು?

ಮಾತ್ರೆಯ ಕತೆಯೂ ಹೀಗೆಯೇ. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾಕ್ಕೆ ಕ್ಲೋರೋಕ್ವಿನ್ ಮಾತ್ರೆ 3 ದಿನ, ಪ್ರೈಮಾಕ್ವಿನ್ 14 ದಿನ. ಜ್ವರ ಬಿಟ್ಟ ಕೂಡಲೇ ಮಾತ್ರೆಯನ್ನೂ ಬಿಡುತ್ತಾರೆ. ಯಕೃತ್ತಿನಲ್ಲಿ ಅಡಗಿ ಕೂತ ರೋಗಾಣು ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಏಳುತ್ತದೆ. ಆಶಾ ಅಕ್ಕಂದಿರು ಮನೆಮನೆಗೆ ಹೋಗಿ ಹೇಳುವುದು ಇದನ್ನೇ. ಪೇಪರಿನಲ್ಲಿ ಮಾತ್ರ ಇದಕ್ಕೆ ಜಾಗ ಸಿಗುವುದು ಅಪರೂಪ, ಯಾಕೆಂದರೆ ಇದರಲ್ಲಿ ಹೊಸತು ಏನೂ ಇಲ್ಲ.

ವರದಿಗಾರ ಗೆಳೆಯರಲ್ಲಿ ಒಂದು ಕೇಳಿಕೆ. ಜೂನಿನಲ್ಲಿ ಮಳೆಯ ಸುದ್ದಿ ಹಾಕುವಾಗ ಪಕ್ಕದಲ್ಲೇ ಆ 14 ದಿನದ ಮಾತ್ರೆಯ ಬಗ್ಗೆ ನಾಲ್ಕು ಸಾಲು ಹಾಕಿ. ಮೇಲಿನವರಲ್ಲೂ ಒಂದು ಕೇಳಿಕೆ: ರಾತ್ರಿ ಫೋನ್ ಎತ್ತುವವರಿಗೆ "ವರದಿ ಬಂದಿಲ್ಲ" ಅಂತ ಹೇಳುವ ಅಧಿಕಾರವನ್ನಾದರೂ ಬರವಣಿಗೆಯಲ್ಲಿ ಕೊಡಿ. ಅಷ್ಟು ಕೊಟ್ಟರೆ ಕಟಿಂಗ್ ಫೈಲ್ ನಾನೇ ಚಂದ ಮಾಡಿ ಇಡುತ್ತೇನೆ.